ಕೆಸರಿನಲ್ಲಿ ಸಿಕ್ಕ ಬಾಲ್ಯ

ಮಧ್ಯಯುಗದ ಯುರೋಪಿನವರಿಗೆ ಬಾಲ್ಯ ಎಂಬ ಕಲ್ಪನೆಯೇ ಇರಲಿಲ್ಲ ಎಂದು ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಬರೆದರು. ತಾಯಿಯ, ದಾದಿಯ ಸದಾ ಆಸರೆಯಿಲ್ಲದೆ ಇರಬಲ್ಲಂತಾದ ಮಗು ನೇರವಾಗಿ ದೊಡ್ಡವರ ಲೋಕಕ್ಕೆ ಸೇರಿಹೋಗುತ್ತಿತ್ತು ಎಂಬುದು ಅವರ ವಾದ. ಆ ಕಾಲದ ಚಿತ್ರಗಳಲ್ಲಿ ಮಕ್ಕಳು ದೊಡ್ಡವರ ಉಡುಪು ತೊಟ್ಟ ಕುಳ್ಳರಂತೆ ಕಾಣುತ್ತಾರೆ. ಅದನ್ನೂ ಅವರು ಸಾಕ್ಷಿಯಾಗಿ ಮುಂದಿಟ್ಟರು. ವಾದ ಬಹಳ ದೂರ ಹಬ್ಬಿತು. ಆದರೆ ಆರಿಯೆಸ್ ಹುಡುಕಿದ್ದು ಚಿತ್ರಗಳಲ್ಲಿ, ಪುಸ್ತಕಗಳಲ್ಲಿ, ದಿನಚರಿಗಳಲ್ಲಿ. ಚಿತ್ರ ಬರೆಸಿದವರು, ದಿನಚರಿ ಇಟ್ಟವರು ಎಲ್ಲ ಕಾಲದಲ್ಲೂ ಕೆಲವೇ ಜನ. ಉಳಿದವರ ಮನೆಯ ಮಕ್ಕಳ ಸುದ್ದಿ ಲಂಡನ್ನಿನ ನದಿಯ ಕೆಸರಿನಲ್ಲಿ ಬಿದ್ದಿತ್ತು.

ಥೇಮ್ಸ್ ನದಿಗೆ ಲಂಡನ್ ನಗರದ ನಡುವಿನವರೆಗೂ ಸಮುದ್ರದ ಉಬ್ಬರವಿಳಿತ ಮುಟ್ಟುತ್ತದೆ. ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಈ ಏರಿಳಿತ ಏಳು ಮೀಟರಿನಷ್ಟು. ನೀರು ಇಳಿದಾಗ ಎರಡೂ ದಂಡೆಗಳಲ್ಲಿ ಕೆಸರು, ಜಲ್ಲಿಯ ಪಟ್ಟಿಗಳು ತೆರೆದುಕೊಳ್ಳುತ್ತವೆ. ಕಪ್ಪನೆಯ ಆ ಕೆಸರಿನೊಳಕ್ಕೆ ಗಾಳಿ ಇಳಿಯುವುದಿಲ್ಲವಾದ್ದರಿಂದ ಚರ್ಮ, ಮರ, ಲೋಹ ಶತಮಾನಗಟ್ಟಲೆ ಕೆಡದೆ ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಲ್ಲಿದ್ದಲ ಚೂರು, ಹಗ್ಗ, ಮೊಳೆ ಆರಿಸಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಬಡ ಮಕ್ಕಳಿಗೆ, ಮುದುಕಿಯರಿಗೆ ‘ಮಡ್‌ಲಾರ್ಕ್’ ಎಂಬ ಹೆಸರಿತ್ತು. ಪತ್ರಕರ್ತ ಹೆನ್ರಿ ಮೇಹ್ಯೂ ಅವರನ್ನು ಮಾತನಾಡಿಸಿ ಬರೆದದ್ದರಿಂದ ಅವರ ಬದುಕು ನಮಗೆ ತಿಳಿದಿದೆ.

ಹಳೆಯ ವಸ್ತುಗಳ ಮೇಲೆ ಮೊದಲು ಕಣ್ಣಿಟ್ಟವರಲ್ಲಿ ಚಾರ್ಲ್ಸ್ ರೋಚ್ ಸ್ಮಿತ್ ಮುಖ್ಯರು. ಅವರು ಔಷಧಿ ವ್ಯಾಪಾರಿ. 1831ರಲ್ಲಿ ಹೊಸ ಲಂಡನ್ ಸೇತುವೆ ತೆರೆದು, ಹಳೆಯದನ್ನು ಕೆಡವಿ, ನದಿಯ ತಳ ತೋಡುತ್ತಿದ್ದಾಗ ಮೇಲೆದ್ದು ಬಂದ ನಾಣ್ಯ, ಬಿಲ್ಲೆ, ಬಕಲ್ಲುಗಳನ್ನು ಕೂಲಿಯವರಿಂದ ಕೊಂಡು ಕೂಡಿಹಾಕಿದರು. ಐದು ಸಾವಿರಕ್ಕೂ ಹೆಚ್ಚು ವಸ್ತುಗಳ ಆ ಸಂಗ್ರಹವನ್ನು 1856ರಲ್ಲಿ ಬ್ರಿಟಿಷ್ ಮ್ಯೂಸಿಯಂ 2,000 ಪೌಂಡಿಗೆ ಕೊಂಡಿತು. ಅದರಲ್ಲಿ ಯಾತ್ರಿಕರ ಬಿಲ್ಲೆಗಳೂ ಇದ್ದವು. 1170ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರ ಕೊಲೆಯಾಯಿತು, ಮೂರು ವರ್ಷಕ್ಕೆ ಅವರು ಸಂತರೆನಿಸಿದರು. ಅವರ ಸಮಾಧಿಗೆ ಹೋಗಿಬಂದವರು ಗುರುತಿಗೆಂದು ಟೋಪಿಗೋ ಅಂಗಿಗೋ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆಗಳಿವು. ತವರ ಸುಮಾರು 232 ಡಿಗ್ರಿಗೆ, ಸೀಸ 327ಕ್ಕೆ ಕರಗುತ್ತವೆ. ಎರಡನ್ನೂ ಬೆರೆಸಿದರೆ ಇನ್ನೂ ಬೇಗ. ಕಲ್ಲಿನಲ್ಲಿ ಒಮ್ಮೆ ಅಚ್ಚು ಕೊರೆದುಕೊಂಡರೆ ಸಾಧಾರಣ ಒಲೆಯ ಮೇಲೆ ಲೋಹ ಕರಗಿಸಿ ನೂರಾರು ಎರಕ ಹೊಯ್ಯಬಹುದು. ಅಗ್ಗದ ಲೋಹ, ಅಗ್ಗದ ಕೆಲಸ.

ಆ ಅಗ್ಗವೇ ಒಂದು ಪಾಠ ಕಲಿಸಿತು. ರೋಚ್ ಸ್ಮಿತ್ ಸಂಗ್ರಹ ಮಾರಾಟವಾದ ಮರುವರ್ಷ, ವಿಲಿಯಂ ಸ್ಮಿತ್, ಚಾರ್ಲ್ಸ್ ಈಟನ್ ಎಂಬ ಇಬ್ಬರು ದಂಡೆಯ ಕೂಲಿಗಳು ಸೀಸದ ವಿಚಿತ್ರ ಬಿಲ್ಲೆ, ಮೂರ್ತಿಗಳನ್ನು ತಂದು ಮಾರತೊಡಗಿದರು. ಷಾಡ್‌ವೆಲ್‌ನಲ್ಲಿ ಹೊಸ ಹಡಗುಕಟ್ಟೆ ತೋಡುವಾಗ ಸಿಕ್ಕಿದ್ದು ಎಂದರು. ವಸ್ತುಗಳ ಮೇಲೆ ಹನ್ನೊಂದನೆಯ ಶತಮಾನದ ಇಸವಿಗಳಿದ್ದವು, ಅದೂ ಆಗ ಇಂಗ್ಲೆಂಡಿನಲ್ಲಿ ಬಳಕೆಗೇ ಬಂದಿರದ ಅಂಕಿಗಳಲ್ಲಿ. ಬರಹದಲ್ಲಿ ಅರ್ಥವಿರಲಿಲ್ಲ, ಇಬ್ಬರಿಗೂ ಓದುಬರಹ ಬಾರದು. ಆದರೂ 1858ರಲ್ಲಿ ವಿಷಯ ಕೋರ್ಟು ಹತ್ತಿದಾಗ, ಇವು ಅಸಲಿ ಎಂದು ರೋಚ್ ಸ್ಮಿತ್ ಅವರೇ ಸಾಕ್ಷಿ ನುಡಿದರು. ಪ್ಲಾಸ್ಟರ್ ಅಚ್ಚುಗಳಲ್ಲಿ ಮನೆಯಲ್ಲೇ ಎರಕ ಹೊಯ್ಯುತ್ತಿದ್ದರೆಂದು ಬಯಲಾದದ್ದು 1861ರಲ್ಲಿ. ಅಷ್ಟು ಬಲ್ಲವರು ಎಡವಿದ್ದಕ್ಕೆ ಒಂದೇ ಕಾರಣ ನನಗೆ ಕಾಣುತ್ತದೆ: ಅವರ ಮುಂದೆ ವಸ್ತುವಿತ್ತು, ಅದು ಬಿದ್ದಿದ್ದ ಮಣ್ಣು ಇರಲಿಲ್ಲ.

ಮಣ್ಣಿನ ಲೆಕ್ಕ ಸಿಕ್ಕಿದ್ದು ನೂರು ವರ್ಷಗಳ ಮೇಲೆ. ಹನ್ನೆರಡರಿಂದ ಹದಿನೈದನೆಯ ಶತಮಾನದವರೆಗೆ ಲಂಡನ್ನಿನವರು ನದಿಯನ್ನು ಒತ್ತುತ್ತಲೇ ಬಂದರು. ದಂಡೆಯ ಮುಂದೆ ಓಕ್ ಮರದ ಗೋಡೆ ನಿಲ್ಲಿಸಿ, ಹಿಂದಿನ ಜಾಗಕ್ಕೆ ಊರಿನ ಕಸ ಸುರಿದು, ನೆಲ ಮಾಡಿಕೊಂಡರು. ಮುಂದಿನ ಪೀಳಿಗೆಯವರು ಇನ್ನಷ್ಟು ಮುಂದೆ ಇನ್ನೊಂದು ಗೋಡೆ ಹಾಕಿದರು. 1970, 80ರ ದಶಕಗಳಲ್ಲಿ ಟ್ರಿಗ್ ಲೇನ್, ಸ್ವಾನ್ ಲೇನ್, ಬಿಲ್ಲಿಂಗ್ಸ್‌ಗೇಟ್‌ಗಳಲ್ಲಿ ಉತ್ಖನನ ನಡೆದಾಗ ಈ ಗೋಡೆಗಳು ಒಂದರ ಹಿಂದೊಂದು ಕಾಣಿಸಿದವು. ಓಕ್ ಹಲಗೆಯ ವರ್ಷಬಳೆಗಳ ದಪ್ಪ-ತೆಳುವಿನ ಕ್ರಮವನ್ನು ಕಾಲ ತಿಳಿದ ಮರಗಳ ಬಳೆಗಳೊಂದಿಗೆ ಹೋಲಿಸಿದರೆ ಮರ ಕಡಿದ ಕಾಲ ತಿಳಿಯುತ್ತದೆ, ಅದರಿಂದ ಹಿಂದಿನ ಕಸದ ಕಾಲವೂ. ಕಸದಲ್ಲಿದ್ದ ಬಕಲ್ಲು, ಗುಂಡಿ, ಪಿನ್ನು, ಗುಗ್ಗೆ ತೆಗೆಯುವ ಕಡ್ಡಿ ಎಲ್ಲಕ್ಕೂ ಹೀಗೆ ವಯಸ್ಸು ಸಿಕ್ಕಿತು.

ಅದೇ ಹೊತ್ತಿಗೆ ಮೆಟಲ್ ಡಿಟೆಕ್ಟರ್ ಹಿಡಿದ ಹವ್ಯಾಸಿಗಳು ದಂಡೆಗೆ ಇಳಿದರು. ಹಳೆಯ ಹೆಸರನ್ನೇ ಇಟ್ಟುಕೊಂಡು ‘ಥೇಮ್ಸ್ ಮಡ್‌ಲಾರ್ಕ್’ಗಳ ಸಂಘವೂ ಆಯಿತು. ಬ್ರಿಟನ್ನಿನ ಪುರಾತತ್ವಜ್ಞರಲ್ಲಿ ಬಹಳ ಮಂದಿಗೆ ಡಿಟೆಕ್ಟರ್ ಎಂದರೆ ಕಳ್ಳರ ಸಲಕರಣೆ. 1980ರಲ್ಲಿ ಅದರ ವಿರುದ್ಧ ದೊಡ್ಡ ಪ್ರಚಾರವೇ ನಡೆಯಿತು. ಅವರ ಕೋಪಕ್ಕೆ ಕಾರಣವಿತ್ತು. ಜಾಗ ಬರೆದಿಡದೆ ಕಿತ್ತ ವಸ್ತು ಅರ್ಧ ಸತ್ತಂತೆ. ಆದರೆ ಮ್ಯೂಸಿಯಂ ಆಫ್ ಲಂಡನ್‌ನ ಜೆಫ್ ಈಗನ್ ಬಾಗಿಲು ಮುಚ್ಚಲಿಲ್ಲ. ಮಡ್‌ಲಾರ್ಕ್‌ಗಳು ತಂದ ಚೂರುಗಳನ್ನು ಗುರುತಿಸಿ, ದಾಖಲಿಸಿ, ಉತ್ಖನನದಲ್ಲಿ ಕಾಲ ತಿಳಿದ ವಸ್ತುಗಳ ಪಕ್ಕ ಇಟ್ಟು ಹೋಲಿಸಿದರು. ಒಂದು ಕಡೆ ಕಾಲದ ಖಾತ್ರಿ, ಇನ್ನೊಂದು ಕಡೆ ಸಂಖ್ಯೆಯ ಬಲ. ಎರಡೂ ಒಂದೇ ಮೇಜಿನ ಮೇಲೆ ಬಂದದ್ದು ಅವರ ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಆ ಮೇಜಿನ ಮೇಲೆ ಆಟಿಕೆಗಳು ಒಂದೊಂದಾಗಿ ಬಂದು ಸೇರಿದವು. ಸುಮಾರು 1300ರ ಒಬ್ಬ ಕುದುರೆ ಸವಾರ ಯೋಧ, ಎರಡಿಂಚಿನಷ್ಟು ಎತ್ತರ, ಒಳಗೆ ಟೊಳ್ಳು. ನಾಲಗೆ ಚಾಚಿ ಒಳಗೆಳೆದುಕೊಳ್ಳುವ ಹಕ್ಕಿ. ಬೆರಳ ತುದಿಯ ಹೂಜಿ, ತಟ್ಟೆ. ನಮ್ಮ ಜಾತ್ರೆಯ ಅಂಗಡಿಯಲ್ಲಿ ಹೆಣ್ಣುಮಕ್ಕಳು ಕೊಳ್ಳುವ ಅಡುಗೆಯಾಟದ ಪಾತ್ರೆಗಳ ಹಾಗೆ, ಇವು ಆ ಕಾಲದ ದೊಡ್ಡವರ ಪಾತ್ರೆಗಳ ನಕಲು. ಇಂಥ ಬಿಡಿ ಚೂರುಗಳು ಹಿಂದೆಯೂ ಸಿಕ್ಕಿದ್ದಿರಬೇಕು. ಆದರೆ ಕಾಲು ಮುರಿದ ಒಂದು ಸೀಸದ ಕುದುರೆಯನ್ನು ಒಂಟಿಯಾಗಿ ನೋಡಿದವರಿಗೆ ಅದು ಯಾತ್ರೆಯ ಬಿಲ್ಲೆಯ ತುಂಡೆಂದು ತೋರುವುದು ಸಹಜ. ಜೊತೆಯವು ಸಿಕ್ಕ ಮೇಲೆಯೇ ಆಟಿಕೆ ಎಂಬುದು ಸ್ಪಷ್ಟವಾಗುವುದು. ಈಗನ್ 1996ರಲ್ಲಿ ಈ ಆಟಿಕೆಗಳ ಬಗ್ಗೆ ಪುಸ್ತಿಕೆ ತಂದರು; ಮಧ್ಯಯುಗದ ಮಕ್ಕಳ ಬಗ್ಗೆ 2001ರಲ್ಲಿ ದೊಡ್ಡ ಗ್ರಂಥ ಬರೆದ ನಿಕೋಲಸ್ ಆರ್ಮ್ ಇಂಥ ಆಟಿಕೆಗಳನ್ನು ಆರಿಯೆಸ್ ವಾದಕ್ಕೆ ಎದುರಾಗಿ ನಿಲ್ಲಿಸಿದರು.

ನನ್ನನ್ನು ಒಪ್ಪಿಸುವುದು ಯೋಧನ ಟೊಳ್ಳು ಹೊಟ್ಟೆ. ಅಂಥ ಎರಕಕ್ಕೆ ಎರಡು ಹೋಳುಗಳ ಅಚ್ಚು ಬೇಕು, ಹೋಳುಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ಕವಚ, ಕುದುರೆಯ ಜೀನು, ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು. ಪಳಗಿದ ಕೈಯೇ ಬಹಳ ಹೊತ್ತು ದುಡಿದು ಮಾಡುವ ಕೆಲಸವದು. ಒಂದೋ ಎರಡೋ ಶ್ರೀಮಂತರ ಮಕ್ಕಳಿಗಾದರೆ ಬೆಳ್ಳಿಯಲ್ಲಿ ಕೈಯಾರೆ ಮಾಡಿಕೊಡಬಹುದಿತ್ತು. ಅಗ್ಗದ ಲೋಹಕ್ಕೆ ಇಷ್ಟು ದುಬಾರಿ ಅಚ್ಚು ಕೊರೆಯುವುದು ನೂರಾರು ಯೋಧರು ಬಿಕರಿಯಾಗುತ್ತಾರೆಂಬ ಭರವಸೆಯಿದ್ದಾಗ ಮಾತ್ರ. ಏಳುನೂರು ವರ್ಷಗಳ ಹಿಂದಿನ ಲಂಡನ್ನಿನಲ್ಲಿ ಮಕ್ಕಳಿಗೆಂದು ಕಾಸು ಬಿಚ್ಚುವ ಸಾಧಾರಣ ತಂದೆತಾಯಿಯರು ಅಷ್ಟು ಮಂದಿ ಇದ್ದರು.