ಬಂಗಾರ ಹುಡುಕುವ ಯಂತ್ರ



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಒಂದು ಮಾತು ಕೇಳುತ್ತಲೇ ಇರುತ್ತೇವೆ. "ಆ ಹಾಳು ಗುಡಿ ಹಿಂದ ಕೊಪ್ಪರಿಗಿ ಹೊನ್ನು ಅದ. ಈ ಹುಡೇದ ಬುಡಕ್ಕ ಗಡಿಗಿ ರೊಕ್ಕ ಅದ." ಅಜ್ಜಿಯರು ನಮಗೆ ಹೇಳಿದರು. ನಾವು ಮಕ್ಕಳಿಗೆ ಹೇಳಿದೆವು.

ಈ ಮಾತು ಪೂರಾ ಸುಳ್ಳಲ್ಲ. ಹಿಂದಿನ ಕಾಲದಲ್ಲಿ ಬ್ಯಾಂಕು ಇರಲಿಲ್ಲ. ಕಳ್ಳರ ಹೆದರಿಕೆ ಇತ್ತು. ದಂಡು ಬರುವ ಹೆದರಿಕೆ ಇತ್ತು. ಜನ ರೊಕ್ಕ, ಒಡವೆಗಳನ್ನು ಗಡಿಗೆಯಲ್ಲಿ ಹಾಕಿ ನೆಲದಲ್ಲಿ ಹೂಳುತ್ತಿದ್ದರು. ಹೂಳಿದವರು ಸತ್ತರೆ ಗಡಿಗೆ ಅಲ್ಲೇ ಉಳಿಯುತ್ತಿತ್ತು.

ನಮ್ಮ ಸೀಮೆಯನ್ನು ಬಹಳ ಅರಸರು ಆಳಿದ್ದಾರೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಕಲಬುರಗಿ ಅದರ ರಾಜಧಾನಿ ಆಯಿತು. ಆಮೇಲೆ ವಿಜಯಪುರದ ಆದಿಲಶಾಹಿ ಬಂತು. ಮೊಗಲರು ಬಂದರು. 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆ ಇತ್ತು. ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ ಅನ್ನುತ್ತಿದ್ದರು. ಒಬ್ಬೊಬ್ಬರ ನಾಣ್ಯ ಒಂದೊಂದು ಥರ. ಹೀಗಾಗಿ ನೇಗಿಲಿಗೆ ಹಳೆಯ ನಾಣ್ಯ ಸಿಗುವುದು ಉಂಟು.

ಆದರೆ ಸಿಗುವುದು ಬೇರೆ. ಹುಡುಕುತ್ತಾ ಹೋಗಿ ಮನೆ ಕಳೆದುಕೊಳ್ಳುವುದು ಬೇರೆ.

ಬೋರಮಾಳದ ಮಾತು

ನಮ್ಮ ಒಂದು ಕಲಿಕಾ ಕೇಂದ್ರದಲ್ಲಿ ನಡೆದದ್ದು ಇದು. ಒಂದು ಸಂಜೆ ಒಬ್ಬ ಅಕ್ಕ ಪಾಟಿ ಹಿಡಿದು ಸುಮ್ಮನೆ ಕೂತಿದ್ದಳು. ಬರೆಯಲಿಲ್ಲ. ಯಾಕೆ ಎಂದು ಕೇಳಿದೆವು.

"ಅಕ್ಕೋರೇ, ನನ್ನ ಬೋರಮಾಳ ಗಿರವಿ ಇಡತಾರಂತ್ರೀ. ಇಬ್ಬರು ಬಂದಾರ. ಬಂಗಾರ ಹುಡುಕೋ ಮಷೀನು ಅದ ಅಂತಾರ. 40,000 ರೂಪಾಯಿ ಕೊಟ್ರ ನಮಗ ಕೊಡತಾರಂತ. ನಮ್ಮ ಮನಿಯವರು ಒಪ್ಯಾರ. ಮಷೀನಿಗಿ ಖರೇನೇ ಬಂಗಾರ ಕಾಣಸ್ತದೇನ್ರೀ?"

ನಮಗೂ ಪೂರ್ತಿ ಗೊತ್ತಿರಲಿಲ್ಲ. "ಎರಡು ದಿನ ತಡೀರಿ" ಅಂದೆವು. ಪುಸ್ತಕ ನೋಡಿದೆವು. ಹೈಸ್ಕೂಲಿನ ವಿಜ್ಞಾನ ಮಾಸ್ತರರನ್ನು ಕೇಳಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಲೋಹ ಹುಡುಕುವ ಯಂತ್ರ ಅನ್ನುವುದು ನಿಜವಾಗಿಯೂ ಇದೆ. ಅದಕ್ಕೆ ಮೆಟಲ್ ಡಿಟೆಕ್ಟರ್ ಅನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ, ದೊಡ್ಡ ಜಾತ್ರೆಯಲ್ಲಿ ಪೊಲೀಸರ ಕೈಯಲ್ಲಿ ನೋಡಿರಬಹುದು. ನೆಲದಲ್ಲಿ ಹುಡುಕುವ ಯಂತ್ರ ಬೇರೆ. ಅದಕ್ಕೆ ಉದ್ದ ಕೋಲು ಇರುತ್ತದೆ. ಕೋಲಿನ ತುದಿಗೆ ತಟ್ಟೆ ಇರುತ್ತದೆ. ತಟ್ಟೆಯೊಳಗೆ ತಾಮ್ರದ ತಂತಿ ಸುತ್ತಿರುತ್ತಾರೆ.

ಬಾವಿಯ ಮೇಲೆ ನಿಂತು "ಓ" ಎಂದು ಕೂಗಿದರೆ ಏನಾಗುತ್ತದೆ? ಬಾವಿ ತಿರುಗಿ "ಓ" ಅನ್ನುತ್ತದೆ. ಈ ಯಂತ್ರವೂ ಸುಮಾರು ಹಾಗೆಯೇ. ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಆಗ ತಟ್ಟೆಯ ಸುತ್ತ ಅಯಸ್ಕಾಂತದ ಬಲ ಹರಡುತ್ತದೆ. ಅದು ನೆಲದೊಳಗೆ ಇಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಲೋಹ ತಿರುಗಿ ಉತ್ತರ ಕೊಡುತ್ತದೆ. ಆಗ ಯಂತ್ರ ಸಪ್ಪಳ ಮಾಡುತ್ತದೆ.

ಲೋಹ ದೂರ ಹೋದಷ್ಟೂ ಉತ್ತರ ಸಣ್ಣದಾಗುತ್ತದೆ. ಒಂದು ನಾಣ್ಯ ಸುಮಾರು ಒಂದು ಗೇಣು ಆಳದಲ್ಲಿದ್ದರೆ ಒಳ್ಳೆಯ ಯಂತ್ರಕ್ಕೆ ಗೊತ್ತಾಗುತ್ತದೆ. ಹಂಡೆಯಂಥ ದೊಡ್ಡ ವಸ್ತು ಇನ್ನಷ್ಟು ಆಳದಲ್ಲಿದ್ದರೂ ಗೊತ್ತಾಗಬಹುದು. ಆದರೆ ಒಂದು ಕಿಲೋಮೀಟರ್ ದೂರದ ಬಂಗಾರವನ್ನು ತೋರಿಸುವ ಯಂತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಮಾತು. ಯಂತ್ರ "ಇಲ್ಲಿ ಲೋಹ ಇದೆ" ಅನ್ನುತ್ತದೆ. "ಇದು ಬಂಗಾರ" ಎಂದು ಖಾತ್ರಿ ಹೇಳುವುದಿಲ್ಲ. ಗುಳಿಗೆ ಪಟ್ಟಿಯ ಬೆಳ್ಳಿಬಣ್ಣದ ಹಾಳೆಗೂ ಅದು ಕೂಗುತ್ತದೆ. ಮುರಿದ ಕುಡುಗೋಲಿಗೂ ಕೂಗುತ್ತದೆ.

ಇದಕ್ಕೆ ಒಂದು ಹಳೆಯ ಕಥೆ ಇದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಒಬ್ಬ ಗುಂಡು ಹೊಡೆದ. ಗುಂಡು ಮೈಯಲ್ಲಿ ಎಲ್ಲಿದೆ ಎಂದು ಡಾಕ್ಟರರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಲೋಹ ಹುಡುಕುವ ಯಂತ್ರ ಮಾಡಿ ತಂದರು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ತಂತಿಗಳಿದ್ದವು. ಅವುಗಳಿಂದ ಯಂತ್ರ ಗೊಂದಲಕ್ಕೆ ಬಿತ್ತು. ಗುಂಡು ಸಿಗಲಿಲ್ಲ. ಅಧ್ಯಕ್ಷರು ಬದುಕಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿಯ ಯಂತ್ರವೇ ಹೀಗೆ ತಪ್ಪಿತು.

ಯಾವ ಯಂತ್ರ ಒಳ್ಳೆಯದು?

ಹೊಲದಲ್ಲಿ ಕಿವಿಯ ಜುಮಕಿ ಬೀಳುತ್ತದೆ. ಕಸ ತೆಗೆಯುವಾಗ ಉಂಗುರ ಜಾರುತ್ತದೆ. ತೊಗರಿ ರಾಶಿ ಮಾಡುವಾಗ ಕಾಲುಂಗುರ ಕಳೆಯುತ್ತದೆ. ನಮ್ಮ ಒಡವೆಯನ್ನು ನಮ್ಮ ಹೊಲದಲ್ಲಿ ಹುಡುಕಲು ಇಂಥ ಯಂತ್ರ ಉಪಯೋಗಕ್ಕೆ ಬರುತ್ತದೆ. ಕೊಳ್ಳುವವರು, ಬಾಡಿಗೆಗೆ ತರುವವರು ಇವನ್ನು ನೋಡಬೇಕು.

1. ನಮ್ಮದು ಎರಿ ಭೂಮಿ. ಎರಿ ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸಾದಾ ಯಂತ್ರ ಮಣ್ಣಿಗೇ ಕೂಗಬಹುದು. ಮಣ್ಣಿಗೆ ತಕ್ಕಂತೆ ಹೊಂದಿಸುವ ಗುಂಡಿ ಯಂತ್ರಕ್ಕೆ ಇರಬೇಕು.

2. ತಟ್ಟೆ ಸಣ್ಣದಿದ್ದರೆ ಸಣ್ಣ ಒಡವೆ ಚೆನ್ನಾಗಿ ಸಿಗುತ್ತದೆ. ತಟ್ಟೆ ದೊಡ್ಡದಿದ್ದರೆ ಆಳ ಹೆಚ್ಚು. ಆದರೆ ಮೂಗುಬೊಟ್ಟಿನಂಥ ಸಣ್ಣ ವಸ್ತು ತಪ್ಪಿಹೋಗುತ್ತದೆ.

3. ಕಬ್ಬಿಣವನ್ನು ಬೇರೆ ಮಾಡಿ ತೋರಿಸುವ ಅನುಕೂಲ ಇರಬೇಕು. ಇಲ್ಲದಿದ್ದರೆ ದಿನವೆಲ್ಲ ಮೊಳೆ ಅಗೆಯುತ್ತೇವೆ.

4. ಅಂಗಡಿಯ ಹೆಸರಿರುವ ಪಾವತಿ ಬೇಕು. ಗ್ಯಾರಂಟಿ ಕಾಗದ ಬೇಕು. ಎರಡನ್ನೂ ನಾವೇ ಓದಿ ನೋಡಬೇಕು.

5. ಕೊಳ್ಳುವ ಮೊದಲು ನಮ್ಮ ಹೊಲದಲ್ಲೇ ಪರೀಕ್ಷೆ ಮಾಡಬೇಕು. ಒಂದು ರೂಪಾಯಿ ನಾಣ್ಯವನ್ನು ನಾಲ್ಕು ಬೆರಳು ಆಳದಲ್ಲಿ ಹೂಳಿರಿ. ಮಾರುವವರಿಗೆ ಜಾಗ ಹೇಳಬೇಡಿರಿ.

ಹುಡುಕುವಾಗ ಅವಸರ ಬೇಡ. ಒಡವೆ ಬಿದ್ದ ಜಾಗದ ಸುತ್ತ ಗೂಟ ಬಡಿಯಿರಿ. ಹಗ್ಗ ಕಟ್ಟಿ ಸಾಲು ಮಾಡಿರಿ. ತಟ್ಟೆಯನ್ನು ನೆಲಕ್ಕೆ ಹತ್ತಿರ ಹಿಡಿದು ಒಂದೊಂದೇ ಸಾಲು ಮುಗಿಸಿರಿ. ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಹಾಗೆಯೇ ಸಾಲು ಮಾಡಿ ಮೇಲಿನ ಮಣ್ಣನ್ನು ಜರಡಿ ಹಿಡಿಯಿರಿ.

ಐದು ಬುಟ್ಟಿಯ ಪರೀಕ್ಷೆ

ಈಗ ಬೋರಮಾಳದ ಅಕ್ಕನ ಮಾತಿಗೆ ಬರೋಣ. ಆ ಇಬ್ಬರು ತಂದಿದ್ದ ಯಂತ್ರಕ್ಕೆ ತಟ್ಟೆ ಇರಲಿಲ್ಲ. ಒಂದು ಡಬ್ಬಿ. ಅದರ ಮೇಲೆ ಎರಡು ಹಿತ್ತಾಳೆ ಕಡ್ಡಿ. "ಬಂಗಾರ ಇದ್ದ ಕಡೆ ಕಡ್ಡಿ ತಿರುಗತದ" ಅಂದರು. ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಕಡ್ಡಿ ತಿರುಗುವುದು ನಿಜ. ಆದರೆ ಕೈ ಕೂದಲೆಳೆಯಷ್ಟು ವಾಲಿದರೂ ಕಡ್ಡಿ ತಿರುಗುತ್ತದೆ. ಹಿಡಿದವರಿಗೇ ಅದು ಗೊತ್ತಾಗುವುದಿಲ್ಲ.

ನಾವು ಕೇಂದ್ರದ ಅಂಗಳದಲ್ಲಿ ಐದು ಬುಟ್ಟಿ ಬೋರಲು ಹಾಕಿದೆವು. ಒಬ್ಬ ತಂಗಿ ಒಂದು ಬುಟ್ಟಿಯ ಕೆಳಗೆ ಬಂಗಾರದ ಉಂಗುರ ಇಟ್ಟಳು. ಇಟ್ಟು ಒಳಗೆ ಹೋದಳು. ಹೊರಗೆ ನಿಂತ ಯಾರಿಗೂ ಉಂಗುರ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇದು ಮುಖ್ಯ. ಗೊತ್ತಿದ್ದವರ ಮುಖ ನೋಡಿಯೇ ಜಾಣರು ಹೇಳಿಬಿಡುತ್ತಾರೆ.

ಆಮೇಲೆ ಅವರನ್ನು ಕರೆದೆವು. ಹೀಗೆ ಹತ್ತು ಸಲ ಮಾಡಿದೆವು. ಪ್ರತಿ ಸಲ ಉಂಗುರದ ಜಾಗ ಬದಲು. ಬೋರಮಾಳದ ಅಕ್ಕನೇ ಪಾಟಿಯ ಮೇಲೆ ಸರಿ, ತಪ್ಪು ಬರೆದಳು.

ಹತ್ತರಲ್ಲಿ ಎರಡು ಸರಿ. ಎಂಟು ತಪ್ಪು.

ಐದು ಬುಟ್ಟಿಯಲ್ಲಿ ಒಂದನ್ನು ಸುಮ್ಮನೆ ತೋರಿಸಿದರೂ ಹತ್ತಕ್ಕೆ ಸುಮಾರು ಎರಡು ಸರಿಯಾಗುತ್ತವೆ. ಆಮೇಲೆ ಅಲ್ಲೇ ಇದ್ದ ಒಬ್ಬ ಅಜ್ಜಿ ಬರಿಗೈಯಿಂದ ಹತ್ತು ಸಲ ಹೇಳಿದಳು. ಅವಳದು ಮೂರು ಸರಿ! ಎಲ್ಲರೂ ನಕ್ಕರು. ನಿಜವಾದ ಯಂತ್ರವಾಗಿದ್ದರೆ ಹತ್ತಕ್ಕೆ ಹತ್ತೂ ಹೇಳಬೇಕಿತ್ತು.

"ಇವತ್ತು ಅಮಾಸಿ ಅದ. ಅದಕ್ಕ ಹಿಂಗಾಯ್ತು" ಅಂದರು ಅವರು. ಮರುದಿನ ಊರಲ್ಲಿ ಇರಲಿಲ್ಲ. ಅಕ್ಕನ ಯಜಮಾನರು ಏನೂ ಮಾತಾಡಲಿಲ್ಲ. ಬೋರಮಾಳದ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟರು.

ಮೋಸ ಹೋದವರು ನಾವಷ್ಟೇ ಅಲ್ಲ. ಇಂಗ್ಲೆಂಡಿನ ಜೇಮ್ಸ್ ಮೆಕ್‌ಕಾರ್ಮಿಕ್ ಎಂಬಾತ ಇಂಥದೇ ಕಡ್ಡಿಯ ಯಂತ್ರ ಮಾರಿದ. ಕಳೆದ ಚೆಂಡು ಹುಡುಕಲು ಮಾರುತ್ತಿದ್ದ ಅಗ್ಗದ ಆಟಿಕೆಯಿಂದ ಈ ದಂಧೆ ಶುರುವಾಗಿತ್ತು. ಬಾಂಬು ಹುಡುಕುವ ಯಂತ್ರ ಎಂದು ಇರಾಕ್ ದೇಶದ ಸರಕಾರಕ್ಕೇ ಕೊಟ್ಟ. ಕೋಟಿ ಕೋಟಿ ಗಳಿಸಿದ. ಅದನ್ನು ನಂಬಿದವರ ಜೀವ ಅಪಾಯಕ್ಕೆ ಬಿತ್ತು. 2013ರಲ್ಲಿ ಅವನಿಗೆ 10 ವರ್ಷ ಜೈಲು ಆಯಿತು. ಸರಕಾರವೇ ಮೋಸ ಹೋಯಿತು ಅಂದ ಮೇಲೆ, ಮೋಸ ಹೋದವರು ನಾಚಬೇಕಿಲ್ಲ. ಪೊಲೀಸರಿಗೆ ಹೇಳಬೇಕು.

ಗಡಿಗೆ ಸಿಕ್ಕರೆ ಏನು ಮಾಡಬೇಕು?

ಉಳುವಾಗ, ಮನೆಯ ಪಾಯ ತೆಗೆಯುವಾಗ ಹಳೆಯ ನಾಣ್ಯ, ಒಡವೆ ಸಿಕ್ಕರೆ ಮುಚ್ಚಿಡಬಾರದು. ಹಂಚಿಕೊಳ್ಳಬಾರದು. ಕರಗಿಸಬಾರದು. ನಮ್ಮ ರಾಜ್ಯದಲ್ಲಿ ನಿಧಿಗೆಂದೇ 1962ರ ಕಾಯ್ದೆ ಇದೆ. ಸಿಕ್ಕದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಮೊದಲು ತಹಸೀಲ್ದಾರ್ ಕಚೇರಿಗೆ ಅಥವಾ ಪೊಲೀಸ್ ಠಾಣೆಗೆ ಹೋಗಬಹುದು. ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಿರಿ: ಏನು ಸಿಕ್ಕಿತು? ಎಲ್ಲಿ ಸಿಕ್ಕಿತು? ಯಾವತ್ತು ಸಿಕ್ಕಿತು? ಕೊಟ್ಟದ್ದಕ್ಕೆ ಸಹಿ ಇರುವ ರಸೀದಿ ತಗೊಳ್ಳಿರಿ. ಈಗ ನಮಗೆ ಬರೆಯಲು ಬರುತ್ತದೆ. ಯಾರ ಹಂಗೂ ಇಲ್ಲ.

ಸರಕಾರ ಕಾಪಾಡುವ ಹಳೆಯ ಗುಡಿ, ಕೋಟೆಗಳಲ್ಲಿ ಅಪ್ಪಣೆ ಇಲ್ಲದೆ ಅಗೆಯುವುದು ಅಪರಾಧ. ನಿಧಿಗಾಗಿ ಬಲಿ ಕೊಡಬೇಕು, ಬಾನಾಮತಿ ಮಾಡಿಸಬೇಕು ಅನ್ನುವವರನ್ನು ಮನೆಗೆ ಸೇರಿಸಬೇಡಿರಿ. ಅಮಾನವೀಯ ಆಚರಣೆ ಮತ್ತು ಮಾಟ-ಮಂತ್ರದ ವಿರುದ್ಧ 2017ರ ಕಾಯ್ದೆ ಇದೆ.

ಸನ್ನತಿಯ ಕಲ್ಲು

ಕೊನೆಗೆ ನಮ್ಮ ಜಿಲ್ಲೆಯದೇ ಒಂದು ಮಾತು. ಅಫಜಲಪುರ, ಜೇವರ್ಗಿ ಕಡೆ ಹರಿಯುವ ಭೀಮಾ ನದಿ ಮುಂದೆ ಸನ್ನತಿಗೆ ಹೋಗುತ್ತದೆ. ಸನ್ನತಿ ಚಿತಾಪುರ ತಾಲ್ಲೂಕಿನ ಊರು. ಅಲ್ಲಿ ಚಂದ್ರಲಾಂಬಾ ತಾಯಿಯ ಗುಡಿ ಇದೆ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಳಿಗೆ ಬಿತ್ತು. ಮೂರ್ತಿಯ ಕೆಳಗಿನ ಪೀಠದ ಕಲ್ಲನ್ನು ಆಗ ನೋಡಿದರು. ಅದರ ಮೇಲೆ ಅಕ್ಷರ ಇದ್ದವು. ಅವು ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕ ಚಕ್ರವರ್ತಿ ಬರೆಸಿದ ಅಕ್ಷರಗಳು! ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಸರಕಾರದವರು ಅಗೆದರು. ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಶೋಕನ ಹೆಸರು ಬರೆದ ಅಶೋಕನ ಶಿಲ್ಪವೇ ಸಿಕ್ಕಿತು. ದೇಶ-ವಿದೇಶದ ಪಂಡಿತರು ನೋಡಲು ಬಂದರು.

ಆ ಕಲ್ಲಿನ ಮೇಲೆ ಬಂಗಾರದ ಯಂತ್ರ ಹಿಡಿದಿದ್ದರೆ ಅದು ಕೂಗುತ್ತಿರಲಿಲ್ಲ. ಕಲ್ಲಿನಲ್ಲಿ ಲೋಹ ಇರಲಿಲ್ಲ. ಅಕ್ಷರ ಇದ್ದವು. ನಿಧಿಯ ಆಸೆಗೆ ಯಾರಾದರೂ ಅದನ್ನು ಒಡೆದು ಹಾಕಿದ್ದರೆ, ಅಶೋಕನ ಮಾತು ಪುಡಿಯಾಗಿ ಹೋಗುತ್ತಿತ್ತು.

ನೆನಪಿಡೋಣ

ದೂರದ ಬಂಗಾರ ತೋರಿಸುವ ಯಂತ್ರ ಇಲ್ಲ.
ಪರೀಕ್ಷೆ ಮಾಡದೆ ರೊಕ್ಕ ಕೊಡುವುದಿಲ್ಲ.
ಇರುವ ಒಡವೆ ಗಿರವಿ ಇಟ್ಟು ಇಲ್ಲದ ಒಡವೆ ಹುಡುಕುವುದಿಲ್ಲ.
ಹಳೆಯದು ಸಿಕ್ಕರೆ ಬರೆದು ತಿಳಿಸುತ್ತೇವೆ.

ಬೋರಮಾಳದ ಅಕ್ಕ ಈಗ ಮತ್ತೆ ಪಾಟಿ ಹಿಡಿದಿದ್ದಾಳೆ. ಆ ದಿನದ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ: "ಹತ್ತಕ್ಕೆ ಎರಡು." ಯಾರಾದರೂ ಕಡ್ಡಿ ಹಿಡಿದು ಊರಿಗೆ ಬಂದರೆ ಅವಳು ಮೊದಲು ಐದು ಬುಟ್ಟಿ ತರುತ್ತಾಳೆ.