ವಿಷ ಇದೆಯೇ? ಎರೆಹುಳುವನ್ನೇ ಕೇಳಿ!

ಒಂದು ಪೆಟ್ಟಿಗೆ, ನಡುವೆ ಅಡ್ಡಗೋಡೆ. ಒಂದು ಪಾಲಿಗೆ ಬರೀ ಮಣ್ಣು, ಇನ್ನೊಂದಕ್ಕೆ ಇದ್ದಿಲ ಪುಡಿ ಬೆರೆಸಿದ ಮಣ್ಣು. ಗೋಡೆ ಎತ್ತಿ, ಅದು ನಿಂತಿದ್ದ ಗೆರೆಯ ಮೇಲೆಯೇ ಹತ್ತು ಎರೆಹುಳು ಬಿಡಿ. 48 ಗಂಟೆ ಬಿಟ್ಟು ಮತ್ತೆ ಗೋಡೆ ಇಳಿಸಿ, ಯಾವ ಕಡೆ ಎಷ್ಟು ಹುಳು ಅಂತ ಎಣಿಸಿ. ಮುಗಿಯಿತು ಪರೀಕ್ಷೆ! ಮಕ್ಕಳಾಟದಂತೆ ಕಾಣುವ ಇದಕ್ಕೆ ಐಎಸ್‌ಒ 17512 ಎಂಬ ಅಂತರರಾಷ್ಟ್ರೀಯ ಮಾನಕದ ಮೊಹರಿದೆ. ಇದ್ದಿಲ ಕಡೆ ಉಳಿದ ಹುಳು ಶೇ 20ಕ್ಕಿಂತ ಕಡಿಮೆಯೇ? ಆ ಮಣ್ಣು ಬದುಕಲು ತಕ್ಕುದಲ್ಲವೆಂದು ಹುಳುಗಳೇ ತೀರ್ಪು ಕೊಟ್ಟಂತೆ.

ಇದ್ದಿಲಿಗೇಕೆ ಇಂಥ ವಿಚಾರಣೆ? ಹೊಟ್ಟು, ಚಿಪ್ಪು, ಕಟ್ಟಿಗೆ, ಯಾವುದನ್ನೇ ಆಗಲಿ ಗಾಳಿ ಸೋಕದಂತೆ ಕಾಯಿಸಿದರೆ ಬೂದಿಯಾಗದೆ ಕಪ್ಪಗೆ ಉಳಿಯುತ್ತದೆ. ಮಣ್ಣಿಗೆಂದೇ ಹೀಗೆ ತಯಾರಿಸಿದ ಇದ್ದಿಲಿಗೆ ಬಯೋಚಾರ್ ಅನ್ನುತ್ತಾರೆ. ಅಮೆಜಾನ್‌ನ ಮೂಲನಿವಾಸಿಗಳ ಕಾಲದಲ್ಲಿ ಮಣ್ಣು ಸೇರಿದ ಇದ್ದಿಲು, ಶತಮಾನಗಳು ಕಳೆದರೂ ಅಲ್ಲಿನ ನೆಲವನ್ನು ಕಪ್ಪಾಗಿ, ಫಲವತ್ತಾಗಿ ಇಟ್ಟಿದೆ. ಆದರೆ ಸುಟ್ಟ ಕಡೆಯಲ್ಲೆಲ್ಲ ಪಿಎಎಚ್ ಎಂಬ ಉಂಗುರಾಕಾರದ ಅಣುಗಳೂ ಹುಟ್ಟುತ್ತವೆ. ವಾಹನದ ಹೊಗೆಯಲ್ಲಿ, ಸೀದ ಮಾಂಸದಲ್ಲಿ ಇರುವಂಥವೇ ಇವು. ಬೆಂಜೊಪೈರೀನ್‌ನಂಥ ಕೆಲವಂತೂ ಕ್ಯಾನ್ಸರ್ ತರಿಸಬಲ್ಲವು. ಒಮ್ಮೆ ಹೊಲಕ್ಕೆ ಹರಡಿದ ಇದ್ದಿಲನ್ನು ಮತ್ತೆ ಹೆಕ್ಕಿ ತೆಗೆಯುವುದುಂಟೇ?

ಹಾಗಿದ್ದರೆ ಅಳೆದರಾಯಿತಲ್ಲ! ಅಳೆಯಲು ಹೋದವರಿಗೆ ಬೆವರಿಳಿಯಿತು. ಆ ಅಣುಗಳನ್ನು ಇದ್ದಿಲಿನಿಂದ ಬಿಡಿಸಬೇಕಾದರೆ ಟಾಲ್ಯೂಯೀನ್ ದ್ರಾವಕವನ್ನು ಕುದಿಸಿ ಕುದಿಸಿ 36 ಗಂಟೆ ತೊಳೆಯಬೇಕೆಂದು 2012ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ಎಂಥ ಬಿಗಿ ಹಿಡಿತ! ಅದೇ ವರ್ಷ ಸಾರಾ ಹೇಲ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 50ಕ್ಕೂ ಹೆಚ್ಚು ಬಗೆಯ ಬಯೋಚಾರ್‌ಗಳನ್ನು ಜಾಲಾಡಿದರು. ನಿಧಾನವಾಗಿ ಸುಟ್ಟವುಗಳಲ್ಲಿ ಗ್ರಾಂಗೆ 0.07ರಿಂದ 3.27 ಮೈಕ್ರೊಗ್ರಾಂ ಪಿಎಎಚ್ ಇತ್ತು. ಅದರಲ್ಲಿ ನೀರಿಗೆ ಇಳಿದು ಜೀವಿಗಳಿಗೆ ದಕ್ಕಬಹುದಾದದ್ದೆಷ್ಟು? ಲೀಟರಿಗೆ ಹೆಚ್ಚೆಂದರೆ 10 ನ್ಯಾನೊಗ್ರಾಂ! ಗ್ರಾಂ ಒಂದನ್ನು ನೂರು ಕೋಟಿ ಚೂರು ಮಾಡಿದರೆ ಸಿಗುವುದು ಒಂದು ನ್ಯಾನೊಗ್ರಾಂ. ಇದ್ದಿಲು ತನ್ನ ವಿಷವನ್ನು ತಾನೇ ಸೆರೆಹಿಡಿದು ಕೂತಿತ್ತು!

ಇರುವುದೆಷ್ಟು ಎಂಬುದು ಒಂದು ಲೆಕ್ಕ, ತಾಗುವುದೆಷ್ಟು ಎಂಬುದು ಇನ್ನೊಂದೇ ಲೆಕ್ಕ. ಎರಡನೆಯದನ್ನು ಹೇಳಲು ಜೀವವೇ ಬೇಕು. ಆದ್ದರಿಂದಲೇ ಪ್ರಯೋಗಾಲಯಕ್ಕೆ ಎಂತೆಂಥ ಸಾಕ್ಷಿಗಳು ಬಂದಿವೆ ನೋಡಿ! ಪೋಲೆಂಡಿನ ಲುಬ್ಲಿನ್‌ನಲ್ಲಿ ಇದ್ದಿಲು ನೆನೆಸಿದ ನೀರನ್ನು ಕಡಲಿನ ಬ್ಯಾಕ್ಟೀರಿಯಾಗಳಿಗೆ ಉಣಿಸಿದರು. ಅವು ತಾವಾಗಿಯೇ ಮಿನುಗುವ ಜೀವಿಗಳು. ವಿಷ ತಾಗಿದರೆ ಕೆಲವೇ ನಿಮಿಷಗಳಲ್ಲಿ ಬೆಳಕು ಮಂಕಾಗುತ್ತದೆ. ಜರ್ಮನಿಯ ಗೀಸೆನ್‌ನಲ್ಲಿ ಇದ್ದಿಲಿನಿಂದ ಹೊಮ್ಮುವ ಗಾಳಿಯನ್ನಷ್ಟೇ ಸೋಕಿಸಿ ಕ್ರೆಸ್ ಬೀಜದ ಮೊಳಕೆ ನೋಡುವ ಪರೀಕ್ಷೆ ರೂಪಿಸಿದರು. ಕ್ರೆಸ್ ಯಾವುದೆಂದುಕೊಂಡಿರಿ? ನಮ್ಮಲ್ಲಿ ಬಾಣಂತಿಯರಿಗೆ ಪಾಯಸ ಮಾಡಿಕೊಡುವ ಅದೇ ಅಳವಿ! ನೀರು ತಾಕಿದೊಡನೆ ಲೋಳೆ ಬಿಟ್ಟು, ಎರಡೇ ದಿನದಲ್ಲಿ ಬಿಳಿ ಬೇರು ಚಾಚುವ ಆ ಚಿಕ್ಕ ಕೆಂಗಂದು ಬೀಜ. ಇದೇ ಬೀಜ ಎಡಿನ್‌ಬರೊದಲ್ಲಿ 2014ರಲ್ಲಿ ಇನ್ನೊಂದು ಗುಟ್ಟು ಬಿಚ್ಚಿಟ್ಟಿತು. ಸುಡುವಾಗ ಎದ್ದ ಹೊಗೆಯಾವಿ ಹೊರಹೋಗದೆ ತಣಿದು ಇದ್ದಿಲ ಮೇಲೆಯೇ ಕೂತಿದ್ದರೆ ಅಳವಿ ಮೊಳೆಯಲು ಹಿಂದೇಟು ಹಾಕುತ್ತದೆ. ಅಂದರೆ ತಪ್ಪು ಇದ್ದಿಲಿನದಲ್ಲ, ಹೊಗೆಗೆ ದಾರಿ ಬಿಡದ ಒಲೆಯದು!

ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಕತೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದ್ದು. 2011ರಲ್ಲಿ ಅಲ್ಲಿನವರು ಸೇಬಿನ ಕಟ್ಟಿಗೆಯ ಬಯೋಚಾರನ್ನು ಮಣ್ಣಿಗೆ ಬೆರೆಸಿ, ಎರೆಹುಳುಗಳನ್ನು ಬಿಟ್ಟರು. ಕಿಲೋ ಮಣ್ಣಿಗೆ 100, 200 ಗ್ರಾಂ ಬೆರೆಸಿದ ಕಡೆಯಿಂದ ಹುಳುಗಳು ಜಾಗ ಖಾಲಿ ಮಾಡಿದವು. ವಿಷವೇ ಇರಬೇಕು, ಅಲ್ಲವೇ? ಹುಳುಗಳ ಒಡಲನ್ನೇ ಪರೀಕ್ಷಿಸಿದರು. ವಿಷ ತಗುಲಿದಾಗ ಕಾಣಬೇಕಾದ ರಾಸಾಯನಿಕ ಗುರುತುಗಳೇ ಇಲ್ಲ! ಮತ್ತೇಕೆ ಓಟ? ಅದೇ ಇದ್ದಿಲಿಗೆ ಹಿಡಿಸುವಷ್ಟು ನೀರು ಕುಡಿಸಿ ಇನ್ನೊಮ್ಮೆ ಬೆರೆಸಿದರು. ಹುಳುಗಳು ಈಗ ಆ ಕಡೆ ಈ ಕಡೆ ಎಂಬ ಭೇದವನ್ನೇ ಮಾಡಲಿಲ್ಲ!

ಗುಟ್ಟು ಇರುವುದು ಬಾಯಾರಿಕೆಯಲ್ಲಿ. ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಒಣ ಇದ್ದಿಲು ಸುತ್ತಲ ತೇವವನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೆ ಉಸಿರೇ ಇಲ್ಲ. ಅದು ವಿಷಕ್ಕೆ ಹೆದರಿ ಓಡಿದ್ದಲ್ಲ, ತೇವ ಹುಡುಕಿಕೊಂಡು ಹೋದದ್ದು. ಬರೀ ಹುಳು ಎಣಿಸಿ ಅಲ್ಲಿಗೇ ಬಿಟ್ಟಿದ್ದರೆ, ಬೊಗಸೆ ನೀರಿನಲ್ಲಿ ತೀರುವ ದೋಷಕ್ಕೆ ವಿಷದ ಹಣೆಪಟ್ಟಿ ಅಂಟುತ್ತಿತ್ತು.

ಹಾಗೆಂದು ವಿಷ ಅಳೆಯುವ ಯಂತ್ರಕ್ಕೆ ರಜೆ ಕೊಡುವಂತಿಲ್ಲ. ನಿಧಾನವಾಗಿ ಮೈಗೇರುವ ಪಿಎಎಚ್ ಬಗ್ಗೆ ಎರಡು ದಿನದ ಮೊಳಕೆ ಏನನ್ನೂ ಹೇಳದು. ಅದಕ್ಕೇ ಯುರೋಪಿನ ಬಯೋಚಾರ್ ಪ್ರಮಾಣಪತ್ರ 2012ರಲ್ಲಿ ಬಂದಾಗ 16 ಬಗೆಯ ಪಿಎಎಚ್‌ಗಳು ಕಿಲೋಗೆ 12 ಮಿಲಿಗ್ರಾಂ ಮೀರಬಾರದು, ಉತ್ತಮ ದರ್ಜೆಗೆ 4 ಮೀರಬಾರದು ಎಂದು ಗೆರೆ ಎಳೆಯಿತು. ಆದ್ದರಿಂದ ಯಾರಾದರೂ ಬಯೋಚಾರ್ ಚೀಲ ತಂದು ನಿಮ್ಮ ಮುಂದಿಟ್ಟರೆ ಕೇಳಬೇಕಾದ್ದನ್ನು ಕೇಳಿಯೇ ಬಿಡಿ: ಏನನ್ನು ಸುಟ್ಟದ್ದು, ಎಷ್ಟು ಕಾವಿನಲ್ಲಿ, ಹೊಗೆ ಎಲ್ಲಿಗೆ ಹೋಯಿತು, ಪಿಎಎಚ್ ವರದಿ ಎಲ್ಲಿದೆ? ಉತ್ತರ ಸರಿಯಿದ್ದರೆ ಚೆನ್ನಾಗಿ ನೆನೆಸಿ, ಒಂದು ಕುಂಡದ ಮಣ್ಣಿಗೆ ಬೆರೆಸಿ, ಚಿಟಿಕೆ ಅಳವಿ ಬಿತ್ತಿ. ಪಕ್ಕದಲ್ಲಿ ಬರೀ ಮಣ್ಣಿನ ಕುಂಡವೂ ಇರಲಿ, ಹೋಲಿಸಲು!