ಬೇರೆ ರಾಜ್ಯಕ್ಕೆ ಒಯ್ದ ಆಮದು ಕಾರಿನ ನೋಂದಣಿ

ವಿದೇಶದಿಂದ ತರಿಸಿ ಬೆಂಗಳೂರಿನಲ್ಲಿ ನೋಂದಾಯಿಸಿದ ಸ್ಪೋರ್ಟ್ಸ್ ಕಾರಿನೊಡನೆ ಕೊಚ್ಚಿಯ ವೈಟ್ಟಿಲದಲ್ಲಿ ನೆಲೆಸಲು ಹೋಗುವವರು ಸೀಮಾಸುಂಕವನ್ನು ಪುನಃ ತೆರಬೇಕಾಗಿಲ್ಲ. ಅದು ಕೇಂದ್ರಕ್ಕೆ ಸಂದಾಯವಾಗಿರುತ್ತದೆ. ರಸ್ತೆ ತೆರಿಗೆ ಹಾಗಲ್ಲ, ಅದು ರಾಜ್ಯದ್ದು. ಬೆಲೆಯನ್ನು ಅನುಸರಿಸಿ ವಿಧಿಸುವುದರಿಂದ ಇಂತಹ ವಾಹನಗಳಿಗೆ ಅದು ಸಣ್ಣ ಮೊತ್ತವೇನೂ ಅಲ್ಲ.

1988ರ ಮೋಟಾರು ವಾಹನಗಳ ಅಧಿನಿಯಮದ 47ನೆಯ ಪ್ರಕರಣದ ಮೇರೆಗೆ, ವಾಹನವನ್ನು 12 ತಿಂಗಳಿಗೆ ಮೀರಿ ಬೇರೆ ರಾಜ್ಯದಲ್ಲಿ ಇರಿಸಿಕೊಂಡಲ್ಲಿ ಅಲ್ಲಿನ ನೋಂದಣಿ ಸಂಖ್ಯೆಯನ್ನು ಪಡೆಯತಕ್ಕದ್ದು. ಇದಕ್ಕೆ ಮೊದಲ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಅಗತ್ಯ. ಅರ್ಜಿ ತಲುಪಿದ 30 ದಿನಗಳೊಳಗೆ ಮಂಜೂರಾತಿಯನ್ನಾಗಲಿ ನಿರಾಕರಣೆಯನ್ನಾಗಲಿ ತಿಳಿಸದಿದ್ದರೆ ಪತ್ರವನ್ನು ನೀಡಿದಂತೆಯೇ ಕಾನೂನು ಭಾವಿಸುತ್ತದೆ. ಆದಕಾರಣ ಅರ್ಜಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕರ್ನಾಟಕದಲ್ಲಿ ತೆತ್ತ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ. ಅದಕ್ಕೆ ಮಾಲೀಕರೇ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.